ಕ್ಯಾಲೆಂಡರ್ ಮೇಲಿನ ಬಾಲ್‌ಗಳು

ನಮಸ್ಕಾರ.

ನಮ್ಮ ಮನೆಯ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇದೆ. ಮೂರು ವರ್ಷದ ಹಿಂದೆ ಅದರ ನವೆಂಬರ್ ಪುಟದಲ್ಲಿ ನನ್ನ ಮಗಳು ಕಿತ್ತಳೆ ಬಣ್ಣದ ಪೆನ್ಸಿಲ್ ಹಿಡಿದು ಪುಟ್ಟ ಪುಟ್ಟ ಬಾಸ್ಕೆಟ್‌ಬಾಲ್ ಬರೆದಿದ್ದಳು. ಒಂದು ಸೊನ್ನೆ, ಒಳಗೆ ನಾಲ್ಕು ಗೆರೆ. ತುಂಬಾ ಚೆನ್ನಾಗಿದೆ ಕಣೇ ಅಂದೆ. ಆಮೇಲೆ ಅವಳಮ್ಮ ಹೇಳಿದ್ದು, ಅಪ್ಪ ಮನೆಯಲ್ಲಿ ಮಲಗದ ಒಂದೊಂದು ರಾತ್ರಿಗೂ ಒಂದೊಂದು ಬಾಲ್ ಅಂತೆ. ಎಣಿಸಿದೆ. 19 ಇದ್ದವು.

ನಾನು ಬಾಸ್ಕೆಟ್‌ಬಾಲ್ ಸ್ಕೌಟ್. ಹದಿನೇಳು, ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗರ ಆಟ ನೋಡಿ, ಇವನು ಮುಂದೆ ಎಲ್ಲಿಗೆ ಮುಟ್ಟಬಹುದು ಅಂತ ರಿಪೋರ್ಟ್ ಬರೆಯೋದು ನನ್ನ ಕೆಲಸ. ಈ ಕೆಲಸ ನನಗೆ ಪ್ರಾಣ. ಅದಕ್ಕೇ ಇವತ್ತು ಮನಸ್ಸಿನಲ್ಲಿರೋದನ್ನು ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಒಬ್ಬ ಸ್ಕೌಟ್ ಒಳ್ಳೆಯವನೋ ಅಲ್ಲವೋ ಅಂತ ಅಳೆಯೋದು ಅವನು ಎಷ್ಟು ಪಂದ್ಯ ನೋಡಿದ, ಎಷ್ಟು ರಾತ್ರಿ ಹೊರಗಿದ್ದ ಅನ್ನೋದರ ಮೇಲೆ. ಇಬ್ಬರು ಸ್ಕೌಟ್‌ಗಳು ಸಿಕ್ಕರೆ ಮೊದಲು ಬರೋ ಪ್ರಶ್ನೆಯೇ ಅದು: "ಈ ತಿಂಗಳು ಎಷ್ಟಾಯ್ತು?" ಜಾಸ್ತಿ ಹೇಳಿದವನಿಗೆ ಮರ್ಯಾದೆ ಜಾಸ್ತಿ. ಈ ಅಳತೆಯೇ ತಪ್ಪು. ಇದು ಮನೆಯನ್ನೂ ಕೆಡಿಸುತ್ತದೆ, ಆಟ ನೋಡುವ ಕಣ್ಣನ್ನೂ ಕೆಡಿಸುತ್ತದೆ.

ಹಾಗಂತ ಪ್ರಯಾಣವೇ ಬೇಡ, ಎಲ್ಲವನ್ನೂ ವಿಡಿಯೊದಲ್ಲಿ ನೋಡಿದರೆ ಸಾಕು ಅಂತ ನಾನು ಹೇಳುತ್ತಿಲ್ಲ. ಕ್ಯಾಮೆರಾ ಬಾಲ್ ಹಿಂದೆ ಓಡುತ್ತದೆ. ಬಾಲ್ ಇಲ್ಲದ ಕಡೆ ಆ ಹುಡುಗ ಏನು ಮಾಡುತ್ತಿದ್ದಾನೆ ಅನ್ನೋದು ಅರ್ಧ ಸಲ ಪರದೆಯಲ್ಲೇ ಇರುವುದಿಲ್ಲ. ಡಿಫೆನ್ಸ್‌ನಲ್ಲಿ ಅವನು ಬಾಯಿಬಿಟ್ಟು ಜೊತೆಯವರನ್ನು ಎಚ್ಚರಿಸುತ್ತಾನಾ? ವಿಡಿಯೊದಲ್ಲಿ ಕೇಳಿಸುವುದಿಲ್ಲ. ಟೈಮ್‌ಔಟ್ ಆದಾಗ ಕೋಚ್ ಕಣ್ಣನ್ನು ನೋಡುತ್ತಾನಾ, ನೆಲ ನೋಡುತ್ತಾನಾ? ಅಷ್ಟರಲ್ಲಿ ಜಾಹೀರಾತು ಬಂದಿರುತ್ತದೆ.

ಒಂದು ಸಲ ನಾನು ಒಬ್ಬ ಗಾರ್ಡ್‌ನನ್ನು, ಅಂದರೆ ಬಾಲ್ ಮುಂದೆ ತಂದು ಆಟ ನಡೆಸುವ ಆಟಗಾರನನ್ನು, ನೋಡಲು ಹೋಗಿದ್ದೆ. ಅವತ್ತು ಅವನ ಆಟ ಏನೇನೂ ಚೆನ್ನಾಗಿರಲಿಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಎರಡು ಸಲ ಸುಮ್ಮನೆ ಬಾಲ್ ಕಳೆದುಕೊಂಡ, ಕೋಚ್ ಆಚೆ ಕರೆದರು. ಅವನು ಬೆಂಚಿಗೆ ಬಂದು ಕೂತ, ಟವೆಲ್ ಮುಖಕ್ಕೆ ಒತ್ತಿಕೊಂಡ, ಮೂರು ಸಲ ಉಸಿರು ಎಳೆದುಕೊಂಡ. ಆಮೇಲೆ ತನ್ನ ಜಾಗಕ್ಕೆ ಒಳಗೆ ಹೋದ ಹುಡುಗನಿಗೆ ಕೂಗಿ ಹೇಳತೊಡಗಿದ: "ಸ್ಕ್ರೀನ್ ಎಡಗಡೆ, ಎಡಗಡೆ!" ಎದುರಾಳಿ ಎಡಗಡೆ ಅಡ್ಡ ನಿಲ್ಲುತ್ತಿದ್ದಾನೆ, ನೋಡಿಕೋ ಅಂತ. ಆಟ ಮುಗಿಯುವವರೆಗೂ ಹೇಳುತ್ತಲೇ ಇದ್ದ. ಅಂಕಿ-ಅಂಶದ ಹಾಳೆಯಲ್ಲಿ ಅವನ ಹೆಸರಿನ ಮುಂದೆ ಒಳ್ಳೆಯದು ಏನೂ ಇರಲಿಲ್ಲ. ನನ್ನ ರಿಪೋರ್ಟ್‌ನಲ್ಲಿ ಅರ್ಧ ಪುಟ ಇತ್ತು. ಇಂಥದ್ದಕ್ಕೆ ಹೋಗಲೇಬೇಕು.

ಯಾನಿಸ್ ಆಂಟೆಟೊಕೌನ್‌ಪೊ ವಿಷಯ ನೋಡಿ. ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್; ಡ್ರಾಫ್ಟ್ ಅಂದರೆ ಅದರ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳೋದು. 2013ರ ಎನ್‌ಬಿಎ ಡ್ರಾಫ್ಟ್‌ಗೆ ಮುಂಚೆ ಅವರು ಗ್ರೀಸ್‌ನ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ 18 ವರ್ಷದ ಹುಡುಗ. ಎದುರಾಳಿಗಳ ಮಟ್ಟ ಕಡಿಮೆ, ಆ ಅಂಕಗಳನ್ನು ಯಾವುದಕ್ಕೆ ಹೋಲಿಸೋದು ಅನ್ನೋದೇ ಕಷ್ಟ. ಎನ್‌ಬಿಎ ತಂಡದವರು ಆ ಚಿಕ್ಕ ಜಿಮ್‌ವರೆಗೂ ಹೋಗಿ ಕೂತರು. ಮಿಲ್ವಾಕೀ ತಂಡ ಅವರನ್ನು 15ನೆಯವರಾಗಿ ಆರಿಸಿತು. 2021ರಲ್ಲಿ ಅದೇ ತಂಡ ಅವರ ಜೊತೆ ಚಾಂಪಿಯನ್ ಆಯಿತು. ಅಂಥ ಪ್ರಯಾಣಕ್ಕೆ ನನ್ನ ಹೆಂಡತಿಯೇ ಬ್ಯಾಗ್ ತುಂಬಿಕೊಡುತ್ತಾಳೆ.

ಈಗ ನಿಕೊಲಾ ಯೋಕಿಚ್. 2014ರ ಡ್ರಾಫ್ಟ್‌ನಲ್ಲಿ 41ನೆಯವರು. ಅವರಿಗಿಂತ ಮುಂಚೆ 40 ಹೆಸರು ಕೂಗಿದರು. ಆರಿಸಿದ ಡೆನ್ವರ್ ತಂಡ ಕೂಡ ಎರಡನೇ ಸುತ್ತಿನವರೆಗೆ ಕಾದಿತ್ತು. ಅದೇ ಮನುಷ್ಯ 2021, 2022, 2024ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು, 2023ರಲ್ಲಿ ಡೆನ್ವರ್‌ಗೆ ಮೊದಲ ಎನ್‌ಬಿಎ ಕಿರೀಟ ತಂದುಕೊಟ್ಟರು. ಹಾಗಾದರೆ ಸ್ಕೌಟ್‌ಗಳು ಅವರನ್ನು ನೋಡಿರಲಿಲ್ಲವಾ? ನೋಡಿದ್ದರು. ಅದೇ ವರ್ಷ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ನಡೆದ ಹೂಪ್ ಸಮಿಟ್ ಅನ್ನೋ ಯುವ ಆಟಗಾರರ ಪಂದ್ಯದಲ್ಲಿ, ಸ್ಕೌಟ್‌ಗಳು ತುಂಬಿದ್ದ ಜಿಮ್‌ನಲ್ಲೇ, ಅವರು ಆಡಿದ್ದರು. ಮೈ ಸ್ವಲ್ಪ ದಪ್ಪ, ಓಟ ನಿಧಾನ, ಎತ್ತರಕ್ಕೆ ಹಾರುತ್ತಿರಲಿಲ್ಲ. ಪಾಸ್ ಕೊಡುವ ಆ ಕೈ, ಮುಂದೆ ಏನಾಗುತ್ತದೆ ಅಂತ ಮೊದಲೇ ಕಾಣುವ ಆ ಬುದ್ಧಿ, ಎರಡೂ ಕಣ್ಣೆದುರಿಗೇ ಇದ್ದವು. ಇನ್ನೂ ಇಪ್ಪತ್ತು ಪಂದ್ಯ ನೋಡಿದ್ದರೆ ಅದು ಕಾಣುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಏನು ನೋಡಬೇಕು ಅಂತ ಕೂತು ಯೋಚಿಸೋಕೆ ಸಮಯ ಬೇಕಿತ್ತು. ಐದು ದಿನದಲ್ಲಿ ನಾಲ್ಕು ಊರು ಸುತ್ತಿದವನಿಗೆ ಆ ಸಮಯ ಎಲ್ಲಿರುತ್ತದೆ? ಅವನು ಎತ್ತರ, ತೋಳಿನ ಉದ್ದ, ಜಿಗಿತ ಬರೆದುಕೊಂಡು ಮುಂದಿನ ವಿಮಾನ ಹಿಡಿಯುತ್ತಾನೆ. ನಾನೂ ಹಾಗೆ ಮಾಡಿದ್ದೇನೆ. ಆ ರಿಪೋರ್ಟ್‌ಗಳನ್ನು ಈಗ ತೆಗೆದು ಓದಿದರೆ ಹೆಸರು ಮಾತ್ರ ಬೇರೆ, ವಾಕ್ಯಗಳೆಲ್ಲ ಒಂದೇ.

ಇನ್ನೊಂದು ವಿಷಯ ನನ್ನ ತಲೆಯಿಂದ ಹೋಗುವುದೇ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಅಮೆರಿಕದ ಕಾಲೇಜು ಟೂರ್ನಿಯೇ ರದ್ದಾಯಿತು. ಸಾಮಾನ್ಯವಾಗಿ ಜೂನ್‌ನಲ್ಲಿ ನಡೆಯುವ ಡ್ರಾಫ್ಟ್ ಆ ವರ್ಷ ನವೆಂಬರ್ 18ಕ್ಕೆ ಹೋಯಿತು. ಯಾವತ್ತೂ ಮನೆಯಲ್ಲಿರದ ಸ್ಕೌಟ್‌ಗಳೆಲ್ಲ ತಿಂಗಳುಗಟ್ಟಲೆ ಮನೆಯಲ್ಲೇ ಕೂತರು. ಹಳೆಯ ಟಿಪ್ಪಣಿ ತೆಗೆದರು, ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದರು, ಫೋನಿನಲ್ಲಿ ಕೋಚ್‌ಗಳನ್ನು ಮಾತಾಡಿಸಿದರು. ಆ ಡ್ರಾಫ್ಟ್‌ನಲ್ಲಿ ಆಂಟನಿ ಎಡ್ವರ್ಡ್ಸ್ ಮೊದಲು ಹೋದರು, ಲಮೆಲೊ ಬಾಲ್ ಮೂರನೆಯವರು. ಮುಂದೆ ದೊಡ್ಡ ಆಟಗಾರರಾದ ಟೈರೀಸ್ ಹ್ಯಾಲಿಬರ್ಟನ್ 12ಕ್ಕೆ, ಟೈರೀಸ್ ಮ್ಯಾಕ್ಸಿ 21ಕ್ಕೆ ಇಳಿದರು. ತಪ್ಪುಗಳಾದವು. ಎಲ್ಲ ವರ್ಷವೂ ಆಗುತ್ತವೆ. ಆದರೆ ಮನೆಯಲ್ಲಿ ಕೂತರೆ ಡ್ರಾಫ್ಟ್ ಮಾಡುವುದಕ್ಕೇ ಆಗುವುದಿಲ್ಲ ಅನ್ನೋ ಮಾತಿತ್ತಲ್ಲ, ಅದು ಸುಳ್ಳಾಯಿತು. ಕಾಯಿಲೆ ಕಡಿಮೆಯಾದ ಕೂಡಲೇ ಎಲ್ಲರೂ ಹಳೆಯ ಲೆಕ್ಕಕ್ಕೇ ವಾಪಸ್ ಹೋದರು. ಅದು ನನಗೆ ಇವತ್ತಿಗೂ ಬೇಜಾರು.

ನನ್ನ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಮಗಳ ಶಾಲೆಯಲ್ಲಿ ನಾಟಕ. ಪಂದ್ಯ ನೋಡೋಕೆ ಹೋಗಿದ್ದ ನಾನು ಹಿಂದಿನ ದಿನ ಮನೆಗೆ ವಾಪಸ್ ಹೊರಡಬೇಕಿತ್ತು. ಒಬ್ಬ ಫಾರ್ವರ್ಡ್ ಆಟಗಾರ ಮಾರನೇ ದಿನವೂ ಆಡುತ್ತಾನೆ, ಇನ್ನೊಂದು ಸಲ ನೋಡಿಬಿಡು ಅಂತ ಫೋನ್ ಬಂತು. ಆಗಲೇ ಅವನನ್ನು ಮೂರು ಸಲ ನೋಡಿದ್ದೆ. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಉಳಿದುಕೊಂಡೆ. ಆ ಹುಡುಗನ ಕಾಲು ಸ್ವಲ್ಪ ಹಿಡಿದುಕೊಂಡಿತ್ತು, ನಾಲ್ಕು ನಿಮಿಷ ಆಡಿಸಿ ಕೂರಿಸಿದರು.

ವಿಮಾನ ನಿಲ್ದಾಣದಲ್ಲಿ ಕೂತು ನಾಟಕದ ವಿಡಿಯೊ ನೋಡಿದೆ. ಮಗಳದ್ದು ಎರಡೇ ಸಾಲು. ಹೇಳುವ ಮುಂಚೆ ಅವಳು ಒಂದು ಸಲ ಕೂತವರ ಕಡೆ ನೋಡುತ್ತಾಳೆ. ಎಡದಿಂದ ಬಲಕ್ಕೆ, ನಿಧಾನವಾಗಿ. ಆಟಗಾರರು ಫ್ರೀ ಥ್ರೋ ಹಾಕುವ ಮುಂಚೆ ಗ್ಯಾಲರಿ ಕಡೆ ಹಾಗೆ ನೋಡೋದನ್ನು ನಾನು ನೂರಾರು ಸಲ ನೋಡಿದ್ದೇನೆ. ಯಾರನ್ನೋ ಹುಡುಕುತ್ತಿದ್ದಾರೆ ಅಂತ ನನಗೆ ತಕ್ಷಣ ಗೊತ್ತಾಗುತ್ತದೆ. ಅದು ನನ್ನ ಕೆಲಸ. ಆ ವಿಡಿಯೊ ಎಷ್ಟು ಸಲ ಹಾಕಿ ನೋಡಿದೆನೋ ಲೆಕ್ಕವಿಲ್ಲ.

ಹೆಂಡತಿ ಜಗಳ ಆಡಲಿಲ್ಲ. ಅವಳೂ ಕೆಲಸಕ್ಕೆ ಹೋಗುತ್ತಾಳೆ. ನಾನಿಲ್ಲದಾಗ ಜ್ವರ, ಹೋಮ್‌ವರ್ಕ್, ಶಾಲೆಯ ಮೀಟಿಂಗ್ ಎಲ್ಲ ಅವಳ ತಲೆಮೇಲೆ. ಅವಳು ಹೇಳಿದ್ದು ಇಷ್ಟು: "ನೀನು ಹೋಗಬೇಡ ಅಂತ ನಾನು ಯಾವತ್ತಾದರೂ ಅಂದಿದ್ದೀನಾ? ಯಾವಾಗ ಬರ್ತೀಯ ಅಂತ ಸರಿಯಾಗಿ ಗೊತ್ತಿದ್ರೆ ಸಾಕು. ನಾಳೆ ಬರ್ತೀನಿ ಅಂದು ನಾಡಿದ್ದು ಬಂದ್ರೆ, ಆ ಒಂದು ದಿನ ಮಗೂಗೆ ಹತ್ತು ದಿನ ಇದ್ದ ಹಾಗೆ."

ಅವತ್ತಿನಿಂದ ಕ್ರಮ ಬದಲಾಯಿಸಿದೆ. ಸೀಸನ್ ಶುರುವಾಗುವ ಮುಂಚೆ ಪಂದ್ಯಗಳ ಪಟ್ಟಿ ಬರುತ್ತದಲ್ಲ, ಅದನ್ನು ಈಗ ನಾವಿಬ್ಬರೂ ಕೂತು ನೋಡುತ್ತೇವೆ. ಮನೆಯ ದಿನಗಳು ಮೊದಲು ಬೀಳುತ್ತವೆ. ಆಮೇಲೆ ಪಂದ್ಯ. ಒಬ್ಬ ಆಟಗಾರನ ಐದಾರು ಪಂದ್ಯ ವಿಡಿಯೊದಲ್ಲಿ ನೋಡುತ್ತೇನೆ, ಅದರಲ್ಲಿ ಸೋತ ಪಂದ್ಯ ಇರಲೇಬೇಕು. ವಿಡಿಯೊದಿಂದ ಗೊತ್ತಾಗದ ಪ್ರಶ್ನೆಗಳನ್ನು ಬರೆದುಕೊಳ್ಳುತ್ತೇನೆ. ಪ್ರಶ್ನೆಯೇ ಇಲ್ಲದಿದ್ದರೆ ಟಿಕೆಟ್ ಇಲ್ಲ. ಹೋದರೆ ಎರಡು ದಿನ ಹೋಗುತ್ತೇನೆ. ಹಿಂದಿನ ದಿನದ ಪ್ರಾಕ್ಟೀಸ್ ನೋಡುತ್ತೇನೆ, ಪಂದ್ಯದ ದಿನ ಎಲ್ಲರಿಗಿಂತ ಮುಂಚೆ ಹೋಗಿ ವಾರ್ಮಪ್ ನೋಡುತ್ತೇನೆ, ಟವೆಲ್ ಕೊಡುವವರ ಹತ್ತಿರವೂ ಆ ಹುಡುಗ ಹೇಗೆ ಮಾತಾಡುತ್ತಾನೆ ಅಂತ ಕಿವಿಗೊಡುತ್ತೇನೆ. ರಿಪೋರ್ಟ್ ಅಲ್ಲೇ ಹೋಟೆಲ್ ರೂಮಿನಲ್ಲಿ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬರುತ್ತೇನೆ. ಕಡಿಮೆ ಪಂದ್ಯ ನೋಡುತ್ತಿದ್ದೇನೆ ಅಂತ ಮೇಲಿನವರಿಂದ ಮಾತು ಬಂತು. ಹಳೆಯ ರಿಪೋರ್ಟ್ ಒಂದು, ಹೊಸ ರಿಪೋರ್ಟ್ ಒಂದು ಪಕ್ಕಪಕ್ಕ ಇಟ್ಟೆ. ಓದಿ ಅಂದೆ.

ಸ್ಕೌಟ್‌ಗಳ ತಂಡ ನಡೆಸುವವರಿಗೆ ಒಂದು ಮಾತು. ಆಟಗಾರನ ಬಗ್ಗೆ ವಿಚಾರಿಸುವಾಗ ನಾವು ಅವನ ಮನೆಯ ಬಗ್ಗೆ ಎಷ್ಟೊಂದು ಕೇಳುತ್ತೇವೆ. ಅಪ್ಪ ಅಮ್ಮ ಬೆಂಬಲಕ್ಕಿದ್ದಾರಾ, ಮನೆಯಲ್ಲಿ ನೆಮ್ಮದಿ ಇದೆಯಾ, ಕಷ್ಟ ಬಂದಾಗ ಯಾರ ಹತ್ತಿರ ಹೋಗುತ್ತಾನೆ. ನೆಮ್ಮದಿಯ ಮನೆ ಇದ್ದವನ ಹೆಸರಿನ ಮುಂದೆ ಅದನ್ನೊಂದು ಬಲ ಅಂತ ಬರೆಯುತ್ತೇವೆ. ಅದೇ ನಿಮ್ಮ ಸ್ಕೌಟ್, ಈ ಶನಿವಾರ ಮನೆಯಲ್ಲಿರುತ್ತೇನೆ ಅಂದರೆ ಅವನ ಶ್ರದ್ಧೆ ಬಗ್ಗೆ ಅನುಮಾನ ಯಾಕೆ? ದಯವಿಟ್ಟು ಪಂದ್ಯ ಎಣಿಸಬೇಡಿ. ರಿಪೋರ್ಟ್ ಓದಿ. ಮೂರು ವರ್ಷ ಆದಮೇಲೆ ಯಾರು ಬರೆದಿದ್ದು ಸರಿಯಾಯಿತು ಅಂತ ನೋಡಿ. ಕೊನೆ ಗಳಿಗೆಯಲ್ಲಿ ಇನ್ನೊಂದು ದಿನ ಉಳಿದುಕೋ ಅನ್ನುವ ಮುಂಚೆ ನಿಜವಾಗಲೂ ಬೇಕಾ ಅಂತ ಒಂದು ಸಲ ಯೋಚಿಸಿ.

ಈಗಷ್ಟೇ ಈ ಕೆಲಸಕ್ಕೆ ಬಂದಿರುವ ಹುಡುಗರು, ಹುಡುಗಿಯರು ಇದನ್ನು ಕೇಳುತ್ತಿದ್ದರೆ, ಆಗಲ್ಲ ಅನ್ನೋದನ್ನು ಮೊದಲ ವರ್ಷವೇ ಕಲಿತುಕೊಳ್ಳಿ. ನಾನು ಕಲಿಯುವಷ್ಟರಲ್ಲಿ ನಾಟಕ ಮುಗಿದಿತ್ತು.

ಮುಂದಿನ ವಾರ ಸೆಂಟರ್ ಜಾಗದಲ್ಲಿ ಆಡುವ ಒಬ್ಬ ಹುಡುಗನನ್ನು ನೋಡೋಕೆ ಹೋಗುತ್ತಿದ್ದೇನೆ. ಆರು ಪಂದ್ಯ ವಿಡಿಯೊದಲ್ಲಿ ನೋಡಿಯಾಗಿದೆ. ಒಂದು ಪ್ರಶ್ನೆ ಉಳಿದಿದೆ, ದಣಿದಾಗ ಡಿಫೆನ್ಸ್‌ಗೆ ವಾಪಸ್ ಓಡುತ್ತಾನಾ ಇಲ್ಲವಾ ಅಂತ. ಮಗಳಿಗೆ ಹೇಳಿದೆ. ಅವಳು ಕ್ಯಾಲೆಂಡರ್‌ನಲ್ಲಿ ಬುಧವಾರ ಒಂದು, ಗುರುವಾರ ಒಂದು ಬಾಲ್ ಬರೆದಳು. ಶುಕ್ರವಾರದ ಚೌಕದ ಮೇಲೆ ಪೆನ್ಸಿಲ್ ಇಟ್ಟುಕೊಂಡೇ ನನ್ನ ಮುಖ ನೋಡಿದಳು. "ಅದು ಖಾಲಿ ಇರಲಿ ಪುಟ್ಟಿ," ಅಂದೆ. ಪೆನ್ಸಿಲ್ ಡಬ್ಬಿಗೆ ಹಾಕಿ ಮುಚ್ಚಿದಳು.