ಬಾಗಿಲಿಗೆ ಬಂದು ಕರೆದರೆ

ಪ್ರಿಯ ಕೇಳುಗರೇ, ನಮಸ್ಕಾರ. ಈ ಹೊತ್ತಿಗೆ ಕೆಲವರು ಅಡುಗೆ ಮುಗಿಸಿ ಕೂತಿರುತ್ತೀರಿ. ಕೆಲವರು ಹೊಲಿಗೆ ಮಿಷನ್ ತುಳಿಯುತ್ತಾ ಕೇಳುತ್ತಿರುತ್ತೀರಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳನ್ನೂ ಕೂಗಿ. ಇವತ್ತಿನ ಮಾತು ಅವಳಿಗೂ ಬೇಕಾದದ್ದು.

ವಿಷಯ ಸ್ವತಂತ್ರ ತಂತ್ರಾಂಶ. ಹೆಸರು ಕೇಳಿ ರೇಡಿಯೊ ಆರಿಸಬೇಡಿ. ರಂಗೋಲಿ ಪುಸ್ತಕ ನೆನಪಿದೆ ಅಲ್ವಾ? ಅಮ್ಮ ಬರೆದಿಟ್ಟ ರಂಗೋಲಿಯನ್ನು ಪಕ್ಕದ ಮನೆಯವರು ನೋಡಿ ಬರೆದುಕೊಂಡರು. ಎರಡು ಸಾಲು ಚುಕ್ಕಿ ಜಾಸ್ತಿ ಇಟ್ಟು, ಮೂಲೆಗೊಂದು ನವಿಲು ಸೇರಿಸಿ ಇನ್ನೊಬ್ಬರಿಗೆ ಕೊಟ್ಟರು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಂಪ್ಯೂಟರ್ ಪ್ರೋಗ್ರಾಂಗಳನ್ನೂ ಹಾಗೇ ಬಿಚ್ಚಿ ನೋಡುವಂತಿರಬೇಕು, ತಿದ್ದುವಂತಿರಬೇಕು, ಹಂಚುವಂತಿರಬೇಕು ಎಂದು 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಲಿನಕ್ಸ್ ಬಂತು, ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ ಅದು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಈಗ ಓಡುತ್ತಿರುವುದೂ ಲಿನಕ್ಸೇ.

ರಂಗೋಲಿ ಪುಸ್ತಕ ಬೆಳೆದದ್ದು ಹೆಂಗಸರ ಕೈಯಲ್ಲಿ. ಸ್ವತಂತ್ರ ತಂತ್ರಾಂಶ ಎನ್ನುವ ಈ ಪುಸ್ತಕದಲ್ಲಿ ಮಾತ್ರ ಹೆಂಗಸರ ಕೈಬರಹ ತೀರಾ ಕಡಿಮೆ. ಐರೋಪ್ಯ ಒಕ್ಕೂಟದ ಹಣದಲ್ಲಿ ನಡೆದ ಒಂದು ಅಧ್ಯಯನ 2006ರಲ್ಲಿ ಲೆಕ್ಕ ಕೊಟ್ಟಿತು. ಕಂಪನಿಗಳ ಸಾಫ್ಟ್‌ವೇರ್ ಕೆಲಸದಲ್ಲಿ ನೂರಕ್ಕೆ 28 ಹೆಂಗಸರು. ಸ್ವತಂತ್ರ ತಂತ್ರಾಂಶದಲ್ಲಿ ನೂರಕ್ಕೆ ಒಂದೂವರೆ! ಎರಡೂ ಕಡೆ ಮಾಡುವ ಕೆಲಸ ಒಂದೇ. ಹೆಂಗಸರಿಗೆ ಇದು ಬರುವುದಿಲ್ಲ ಎನ್ನುವ ಮಾತು ಅಲ್ಲಿಗೇ ಬಿದ್ದುಹೋಯಿತು. ಆದರೂ ಇವತ್ತಿಗೂ ಆ ಮಾತು ಕೇಳುತ್ತೇನೆ, ಕೇಳಿದಾಗೆಲ್ಲ ಬೇಜಾರಾಗುತ್ತದೆ.

ಮತ್ತೆ ಹೆಂಗಸರು ಈ ಕಡೆ ಯಾಕೆ ಬರುವುದಿಲ್ಲ? "ಬಾಗಿಲು ತೆರೆದೇ ಇದೆ, ಯಾರು ಬೇಕಾದರೂ ಬರಬಹುದು" ಎನ್ನುತ್ತಾರೆ. ನಮ್ಮಲ್ಲಿ ಅರಿಶಿನ-ಕುಂಕುಮಕ್ಕೆ ಸುಮ್ನೆ ಬಾಗಿಲು ತೆರೆದಿಟ್ಟು ಕೂತರೆ ಯಾರಾದರೂ ಬರುತ್ತಾರಾ? ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, "ಸಂಜೆ ತಪ್ಪದೇ ಬನ್ನಿ" ಅನ್ನಬೇಕು. ಕರೆಯಬೇಕು. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ.

ಕರೆದರೆ ಏನಾಗುತ್ತದೆ ನೋಡಿ. ಗ್ನೋಮ್ ಎಂಬ ಯೋಜನೆಯಿದೆ. ಲಿನಕ್ಸ್ ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕಿಟಕಿ, ಮೆನು, ಗುಂಡಿಗಳನ್ನು ಮಾಡುವವರು ಅವರು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ಇಂಥ ಕೆಲಸ ಮಾಡಿಸುವ ಕಾರ್ಯಕ್ರಮವನ್ನು ಗೂಗಲ್ ನಡೆಸುತ್ತಿತ್ತು. 2006ರಲ್ಲಿ ಅದಕ್ಕಾಗಿ ಗ್ನೋಮ್‌ಗೆ 181 ಅರ್ಜಿ ಬಂದವು. ಒಂದೂ ಹೆಣ್ಣುಮಗಳದಲ್ಲ. ಆಗ ಗ್ನೋಮ್‌ನವರು ಅದೇ ಬೇಸಿಗೆಯಲ್ಲಿ, ಇದು ಹೆಣ್ಣುಮಕ್ಕಳಿಗೆ ಎಂದು ಹೇಳಿಯೇ ಇನ್ನೊಂದು ಕರೆ ಕೊಟ್ಟರು. ನೂರಕ್ಕೂ ಜಾಸ್ತಿ ಅರ್ಜಿ ಬಂತು! ಈ ನೂರು ಜನ ಮೊದಲ ಸಲ ಎಲ್ಲಿದ್ದರು? ಅವರವರ ಮನೆಯಲ್ಲೇ ಇದ್ದರು. ಯಾರೂ ಕರೆದಿರಲಿಲ್ಲ, ಅಷ್ಟೇ. ಆರು ಮಂದಿಗೆ ಆ ಸಲ ಕೆಲಸ ಸಿಕ್ಕಿತು.

ಈಗ ನಮ್ಮ ಮಲೆನಾಡಿನ ಒಂದು ಕಾಲೇಜಿನ ಸಂಗತಿ ಹೇಳಲೇಬೇಕು. ಲಿನಕ್ಸ್ ಬಗ್ಗೆ ಒಂದು ದಿನದ ತರಗತಿ ತೆಗೆದುಕೊಳ್ಳಲು ಹೋಗಿದ್ದೆ. ಮುಂದಿನ ಸಾಲಿನ ತುಂಬ ಹುಡುಗರು, ಒಂದೇ ಸಮ ಪ್ರಶ್ನೆ. ಹಿಂದಿನ ಬೆಂಚಿನಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳು, ಬಾಯಿ ಬಿಡಲಿಲ್ಲ. ಊಟದ ಹೊತ್ತಿಗೆ ನಾನೇ ಹೋಗಿ ಪಕ್ಕದಲ್ಲಿ ಕೂತೆ. "ನಿನಗೇನಾದರೂ ತೊಂದರೆ ಕಂಡಿದೆಯೇನಮ್ಮ?" ಅಂದೆ. ಅವಳು ಪರದೆ ತೋರಿಸಿದಳು. "ಮೇಡಂ, ರದ್ದು ಅನ್ನೋದು ರದು ಅಂತ ಕಾಣ್ತಿದೆ."

ಬಗ್ಗಿ ನೋಡಿದೆ. ಹೌದು! ಗುಂಡಿಯ ಕೆಳ ಅಂಚಿಗೆ ತಾಗಿ ಒತ್ತಕ್ಷರ ಕತ್ತರಿಸಿಹೋಗಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಸಾಲಿನ ಕೆಳಗೆ ಅಷ್ಟು ಜಾಗ ಬೇಕಿಲ್ಲ. ನಮ್ಮ ಒತ್ತಿಗೆ ಬೇಕು. ಮಾಡಿದವರಿಗೆ ಅದು ಹೊಳೆದಿರಲಿಲ್ಲ. ಮುಂದಿನ ಸಾಲಿನವರೆಲ್ಲ ಇಂಗ್ಲಿಷಿನಲ್ಲೇ ಬಳಸುತ್ತಿದ್ದರು, ಅವರಿಗೂ ಕಂಡಿರಲಿಲ್ಲ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. ಆರು ತಿಂಗಳಿಂದ ಅಂದಳು. ಯಾರಿಗಾದರೂ ಹೇಳಿದೆಯಾ? "ಯಾರೂ ಕೇಳಲಿಲ್ಲ ಮೇಡಂ."

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಆವತ್ತೇ ಸಂಜೆ ಇಬ್ಬರೂ ಕೂತು ಬಗ್ ರಿಪೋರ್ಟ್, ಅಂದರೆ ತಂತ್ರಾಂಶ ಮಾಡಿದವರಿಗೆ ಅದರ ತಪ್ಪು ತಿಳಿಸುವ ಪತ್ರ, ಬರೆದೆವು. ಏನು ಒತ್ತಿದೆ, ಏನು ಕಾಣಬೇಕಿತ್ತು, ಏನು ಕಂಡಿತು, ಅಷ್ಟೇ. ಜೊತೆಗೆ ಪರದೆಯ ಒಂದು ಚಿತ್ರ. ಎರಡು ದಿನಕ್ಕೆ ಯಾವುದೋ ದೇಶದಿಂದ ಉತ್ತರ ಬಂತು, ಯಾವ ಫಾಂಟ್, ಎಷ್ಟು ಗಾತ್ರ ಎಂದು. ನಿಘಂಟು ಪಕ್ಕಕ್ಕಿಟ್ಟುಕೊಂಡು ಅವಳೇ ಉತ್ತರ ಬರೆದಳು. ಮುಂದಿನ ಆವೃತ್ತಿಯಲ್ಲಿ ದಕಾರದ ಒತ್ತು ಪೂರ್ತಿ ಕಂಡಿತು. ತಿದ್ದುಪಡಿಯ ಟಿಪ್ಪಣಿಯಲ್ಲಿ ಅವಳ ಹೆಸರಿತ್ತು. ಅವಳು ಒಂದು ಸಾಲೂ ಕೋಡ್ ಬರೆದಿರಲಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕರೆದ ಮೇಲೆ ಬಂದವರನ್ನು ಕೂರಿಸಿ ಮಾತಾಡಿಸಲೂಬೇಕು. 1999ರಲ್ಲಿ ಡೆಬ್ ರಿಚರ್ಡ್‌ಸನ್ ಶುರು ಮಾಡಿದ ಲಿನಕ್ಸ್‌ಚಿಕ್ಸ್ ಎಂಬ ಲಿನಕ್ಸ್ ಬಳಸುವ ಹೆಂಗಸರ ಬಳಗಕ್ಕೆ ಇದ್ದದ್ದು ಎರಡೇ ನಿಯಮ: ಮರ್ಯಾದೆಯಿಂದಿರಿ, ನೆರವಾಗಿ. ಹೊಸಬರು ಪ್ರಶ್ನೆ ಕೇಳಿದರೆ ಗದರುವ ಅಭ್ಯಾಸ ಎಷ್ಟೋ ಕಡೆ ಇತ್ತು, ಅದಕ್ಕೇ ಆ ನಿಯಮ ಬೇಕಾಯಿತು. ಲಿನಕ್ಸ್‌ನ ಒಂದು ಬಗೆಯನ್ನು ಸಿದ್ಧಪಡಿಸುವ ಡೆಬಿಯನ್ ಯೋಜನೆಯಲ್ಲೂ 2004ರಲ್ಲಿ ಹೆಂಗಸರ ಗುಂಪು ಕಟ್ಟಿದರು.

ಗ್ನೋಮ್‌ನ ಆ ಕರೆಗೆ 2010ರಲ್ಲಿ ಮರೀನಾ ಜುರಾಖಿನ್ಸ್‌ಕಾಯಾ ಮತ್ತೆ ಜೀವ ಕೊಟ್ಟರು. ಅವರು 2022ರಲ್ಲಿ ತೀರಿಕೊಂಡರು. ಅವರು ಹಾಕಿದ ದಾರಿ ಮುಚ್ಚಿಲ್ಲ. ಈಗ ಅದರ ಹೆಸರು ಔಟ್‌ರೀಚಿ. ಹೆಂಗಸರಿಗಷ್ಟೇ ಅಲ್ಲ, ಈ ಕ್ಷೇತ್ರದಲ್ಲಿ ಅವಕಾಶ ಸಿಗದೆ ಉಳಿದ ಬೇರೆಯವರಿಗೂ ಅದು ತೆರೆದಿದೆ. ಮೂರು ತಿಂಗಳ ಕೆಲಸ, ಮನೆಯಿಂದಲೇ. ಕೈಹಿಡಿದು ಕಲಿಸಲು ಒಬ್ಬ ಮಾರ್ಗದರ್ಶಿ ಇರುತ್ತಾರೆ. 7000 ಡಾಲರ್ ಕೊಡುತ್ತಾರೆ, ನಮ್ಮ ಲೆಕ್ಕದಲ್ಲಿ ಐದು ಲಕ್ಷಕ್ಕೂ ಜಾಸ್ತಿ. ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತಾರೆ. ನಮ್ಮ ದೇಶದ ಹುಡುಗಿಯರು ಎಷ್ಟೋ ಜನ ಅಲ್ಲಿ ಕೆಲಸ ಮಾಡಿ ಬಂದಿದ್ದಾರೆ. ಪಕ್ಕದಲ್ಲಿ ಕೂತಿರುವ ಮಗಳಿಗೆ ಈ ಹೆಸರು ಬರೆದುಕೊಳ್ಳಲು ಹೇಳಿ: ಔಟ್‌ರೀಚಿ.

ಅಷ್ಟು ದೂರ ಬೇಡ ಅನ್ನುವವರಿಗೆ ಇವತ್ತೇ ಮಾಡುವ ಕೆಲಸವೂ ಇದೆ. ಇಂಟರ್ನೆಟ್ ನೋಡುವ ಫೈರ್‌ಫಾಕ್ಸ್ ಕನ್ನಡದಲ್ಲಿದೆ, ಪತ್ರ-ಲೆಕ್ಕ ಬರೆಯುವ ಲಿಬ್ರೆಆಫೀಸ್ ಕನ್ನಡದಲ್ಲಿದೆ, ಎರಡೂ ಸ್ವತಂತ್ರ ತಂತ್ರಾಂಶಗಳೇ. ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡು ಒಂದು ವಾರ ಬಳಸಿ. ಯಾವ ಪದ ನೋಡಿದಾಗ "ಹೀಗೆ ಯಾರು ಮಾತಾಡ್ತಾರೆ?" ಅನ್ನಿಸುತ್ತದೋ ಅದನ್ನು ಬರೆದಿಡಿ. ಆಕಾಶವಾಣಿಯ ವಿಳಾಸಕ್ಕೆ ಒಂದು ಕಾರ್ಡು ಹಾಕಿದರೆ ನನಗೆ ತಲುಪುತ್ತದೆ. ಎಲ್ಲಿ, ಹೇಗೆ ತಿದ್ದುವುದೆಂದು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತೇನೆ. ನಮಸ್ಕಾರ.