ಹೇಮಾಳಿಗೆ ಕೇಳುವ ಸದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. ಅದರ ನಾಯಕಿ ಹೇಮಾ, 14 ವರ್ಷದವಳು. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಅಮ್ಮನ ಜೊತೆ ಇದ್ದಾಳೆ. ಹೇಮಾವತಿ ಹೊಳೆಯ ಹೆಸರನ್ನೇ ಅವಳಿಗೆ ಇಟ್ಟಿದ್ದಾರೆ. ಒಂದು ಮಳೆಗಾಲದಲ್ಲಿ ಜೋರು ಜ್ವರ ಬಂದು ಬಿಡುತ್ತದೆ. ಆಮೇಲಿಂದ ಬೇರೆ ಯಾರಿಗೂ ಕೇಳದ ಒಂದು ಸದ್ದು ಅವಳಿಗೆ ಕೇಳತೊಡಗುತ್ತದೆ. ಅದು ಆನೆಗಳು ದೂರದಿಂದ ಒಂದನ್ನೊಂದು ಕರೆಯುವ ಸದ್ದು.

ಮೊದಲ ಸಲ ಬರೆದಾಗ ಅವಳಿಗೆ ಸಿಡಿಲು ಬಡಿದು ಶಕ್ತಿ ಬಂದಿತ್ತು. ಆ ಹಾಳೆಗಳನ್ನು ಹರಿದು ಹಾಕಿದೆ. ಮುಂಗಾರಿಗೆ ಮುಂಚಿನ ಮಳೆಯಲ್ಲಿ ಸಿಡಿಲಿಗೆ ಸಿಕ್ಕಿ ಜನ ಸಾಯುತ್ತಾರೆ. ಸಿಡಿಲು ಬಡಿದರೆ ಶಕ್ತಿ ಬರುತ್ತದೆ ಅಂತ ಯಾವ ಮಗುವಿಗೂ ಹೇಳಲು ನನಗೆ ಮನಸ್ಸು ಬರಲಿಲ್ಲ.

ಆನೆಯ ಈ ಸದ್ದು ಮಾತ್ರ ಕಟ್ಟುಕತೆಯಲ್ಲ. ಸೆಕೆಂಡಿಗೆ 20ರಿಂದ 20,000 ಸಲ ಕಂಪಿಸುವ ಸದ್ದು ನಮ್ಮ ಕಿವಿಗೆ ಕೇಳುತ್ತದೆ. ಆನೆಯ ಗುಡುಗಿನಂಥ ದನಿ ಎಷ್ಟೋ ಸಲ ಅದಕ್ಕಿಂತಲೂ ಕೆಳಗಿರುತ್ತದೆ. 1984ರಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಆನೆಗಳ ಹತ್ತಿರ ಇದ್ದಾಗ ಗಾಳಿಯೇ ಅದುರಿದ ಹಾಗಾಯಿತು. ಚಿಕ್ಕಂದಿನಲ್ಲಿ ಚರ್ಚಿನ ದೊಡ್ಡ ಆರ್ಗನ್ ಪಕ್ಕ ನಿಂತಾಗ ಹೀಗೇ ಆಗಿದ್ದು ಅವರಿಗೆ ನೆನಪಾಯಿತು. ನಮ್ಮ ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತರೆ ಎದೆ ಅದುರುತ್ತದಲ್ಲ, ಹಾಗೆ. ಧ್ವನಿಮುದ್ರಣ ಮಾಡಿ, ಟೇಪನ್ನು ವೇಗವಾಗಿ ಓಡಿಸಿದರು. ಕಿವಿಗೆ ಸಿಗದ ದನಿಗಳು ಆಗ ಸಿಕ್ಕವು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾದಂಬರಿ ಹುಟ್ಟಿದ್ದೇ ಅಲ್ಲಿ.

ಇಂಥ ಸದ್ದು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೆಕೆಂಡಿಗೆ 17 ಸಲ ಕಂಪಿಸುವ ಸದ್ದಾದರೆ ಒಂದೊಂದು ಅಲೆ 20 ಮೀಟರ್ ಉದ್ದ. ತೋಟದ ಸಿಲ್ವರ್ ಓಕ್ ಮರದ ಬೊಡ್ಡೆ ಅದಕ್ಕೆ ಅಡ್ಡವೇ ಅಲ್ಲ. ಸುತ್ತಿಕೊಂಡು ಮುಂದೆ ಹೋಗುತ್ತದೆ.

ಆದರೆ ಈ ಉದ್ದದಿಂದಲೇ ಒಂದು ತೊಂದರೆ. ನಮ್ಮ ಎರಡು ಕಿವಿಗಳ ನಡುವೆ ಇರುವುದು ಒಂದು ಗೇಣು. ಅಷ್ಟು ದೊಡ್ಡ ಅಲೆ ಎಡದಿಂದ ಬಂತೋ ಬಲದಿಂದ ಬಂತೋ ಅಂತ ಆ ಒಂದು ಗೇಣಿನಲ್ಲಿ ತಿಳಿಯುವುದು ಬಹಳ ಕಷ್ಟ. ಹಾಗಾಗಿ ಹೇಮಾಳಿಗೆ ಆನೆ ಇದೆ ಅಂತ ಗೊತ್ತು. ಎಲ್ಲಿದೆ ಅಂತ ಗೊತ್ತಿಲ್ಲ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದ ಬಗ್ಗೆ ಮೇಷ್ಟ್ರು ಕ್ಲಾಸಿನಲ್ಲಿ ಹೇಳುತ್ತಾರೆ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹದ ಕಡೆಗೇ ಮುಖ ಮಾಡಿಕೊಂಡಿರುವ ದೊಡ್ಡ ದೊಡ್ಡ ಡಿಶ್‌ಗಳ ವಿಷಯ. ನಾನು ಯಾವ ಕಡೆ ಮುಖ ಮಾಡಲಿ ಅಂತ ಹುಡುಗಿ ಕೂತಲ್ಲೇ ಯೋಚಿಸುತ್ತಾಳೆ.

ಕಾಫಿ ಹಣ್ಣು ಕೊಯ್ಯುವ ಕಾಲ ಬರುತ್ತದೆ. ರೇಡಿಯೋ ಕಾಲರ್ ಹಾಕಿದ ಆನೆಗಳಾದರೆ ಎಲ್ಲಿವೆ ಅಂತ ಅರಣ್ಯ ಇಲಾಖೆಯವರಿಗೆ ಗೊತ್ತಾಗುತ್ತದೆ. ಕಾಲರ್ ಇಲ್ಲದ ಒಂಟಿ ಸಲಗ ಬಂದರೆ?

"ಅಮ್ಮ, ಇವತ್ತು ಕೆಲ್ಸಕ್ಕೆ ಹೋಗ್ಬೇಡ. ಆನೆ ಐತೆ."

"ಯಾವ ಕಡೆ ಮಗಾ?"

"ಗೊತ್ತಿಲ್ಲ ಕಣಮ್ಮ."

ಅಮ್ಮ ಮಗಳ ಮಾತು ನಂಬಿ ಮನೆಯಲ್ಲೇ ಉಳಿಯುತ್ತಾಳೆ. ಆನೆ ಆ ಕಡೆ ಬರುವುದೇ ಇಲ್ಲ. ಆ ದಿನದ ಕೂಲಿ ಹೋಯಿತು. ಸಂತೆಯ ಸಾಮಾನು ಅರ್ಧಕ್ಕೆ ನಿಂತಿತು. ಅಮ್ಮ ಬೈಯುವುದಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅಂತ ಹೇಮಾಳಿಗೆ ಅನ್ನಿಸುತ್ತದೆ. ಈ ಅಧ್ಯಾಯ ಬರೆಯಲು ನನಗೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು. ಹಾರುವ, ಬೆಟ್ಟ ಎತ್ತುವ ಶಕ್ತಿಯ ಬಗ್ಗೆ ಬರೆಯುವುದು ಸುಲಭ. ಒಬ್ಬ ಕೂಲಿ ಹೆಂಗಸು ಮಗಳ ಮಾತಿಗೆ ಒಂದು ದಿನದ ಸಂಬಳ ಬಿಡುವುದು ಸಣ್ಣ ವಿಷಯವಲ್ಲ, ಅಲ್ವಾ?

ಮೂರು ದಿನದ ನಂತರ ಬೆಳಿಗ್ಗೆ ಹೇಮಾಳ ಎದೆಯಲ್ಲಿ ಮತ್ತೆ ಅದೇ ಅದುರು. ಅಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಳೆ. ತಾನಾಗಿಯೇ ಕೇಳುತ್ತಾಳೆ: "ಇವತ್ತು ಏನಾದ್ರೂ ಕೇಳ್ತಾ?"

ಹೇಮಾ ಸ್ಕೂಲ್ ಬ್ಯಾಗನ್ನು ಮೂಲೆಯಲ್ಲಿ ಇಡುತ್ತಾಳೆ. "ನಾನೂ ಬರ್ತೀನಿ."

ನಡೆಯುತ್ತಾ ಅವಳಿಗೆ ಒಂದು ವಿಷಯ ಹೊಳೆಯುತ್ತದೆ. ನಿಂತಲ್ಲಿ ದಿಕ್ಕು ತಿಳಿಯದಿದ್ದರೇನು? ಹತ್ತು ಹೆಜ್ಜೆ ಈ ಕಡೆ, ಹತ್ತು ಹೆಜ್ಜೆ ಆ ಕಡೆ ಹೋಗಿ ನೋಡಬಹುದಲ್ಲ. ಕೆರೆಯ ದಾರಿಯಲ್ಲಿ ಅದುರು ಕಮ್ಮಿಯಾಗುತ್ತದೆ. ವಾಪಸ್ ಬಂದು ಮೇಲಿನ ದಾರಿ ಹಿಡಿದರೆ ಜಾಸ್ತಿ. ಇನ್ನೂ ನಾಲ್ಕು ಹೆಜ್ಜೆಗೆ ಇನ್ನೂ ಜಾಸ್ತಿ. ಹೇಮಾ ಅಮ್ಮನ ಸೆರಗು ಹಿಡಿದು ನಿಲ್ಲಿಸುತ್ತಾಳೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಗಾಳಿ ಇಲ್ಲ. ಆದರೂ ಎದುರಿನ ಸಾಲಿನ ಕಾಫಿ ಗಿಡಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ.

ನಮಸ್ಕಾರ.