ಕಾಸು ಡಯಲ್‌ಗಲ್ಲ, ಮೆಷಿನ್‌ಗೆ ಹಾಕಿ

ಎಲ್ಲರಿಗೂ ನಮಸ್ಕಾರ. ಹಳೇ ಜಪಾನಿ ಕ್ರೋನೋಮೀಟರ್ ವಾಚುಗಳ (ಟೈಮ್ ಕರಾರುವಾಕ್ಕು ಅಂತ ಪರೀಕ್ಷೆಯಲ್ಲಿ ಪಾಸಾದವು) ವಿಷಯದಲ್ಲಿ ನನ್ನದೊಂದು ಹಠ ಇದೆ. ಡಯಲ್ ಮಾಸಿದ್ದರೆ ಮಾಸಿರಲಿ, ಮುಟ್ಟಬೇಡಿ. ಕಾಸಿದ್ದರೆ ಒಳಗಿನ ಮೆಷಿನ್ ಸರ್ವೀಸಿಗೆ ಹಾಕಿ.

ಸೀಕೊ ಕಂಪನಿಯ ಮೊದಲ ಗ್ರಾಂಡ್ ಸೀಕೊ ಬಂದದ್ದು 1960ರಲ್ಲಿ, ನಾಗಾನೊ ಸೀಮೆಯ ಸುವಾ ಕಾರ್ಖಾನೆಯಿಂದ. 25 ಜ್ಯುವೆಲ್ (ಗಾಲಿಗಳ ತುದಿ ಸವೆಯದಂತೆ ಕೂರಿಸುವ ಕಲ್ಲು), ಕೀ ಕೊಡುವ ವಾಚು, ಸೆಕೆಂಡಿಗೆ 5 ಬೀಟ್, ಅಂದರೆ ಐದು ಟಿಕ್. ಡಯಲ್ ಮೇಲೆ ಕ್ರೋನೋಮೀಟರ್ ಅಂತ ಬರೆದಿತ್ತು. ಪರೀಕ್ಷೆ ಮಾಡಿದ್ದು ಕಂಪನಿಯವರೇ! ಯುರೋಪಿನವರು ತಕರಾರು ತೆಗೆದರು, ಆ ಪದ ಡಯಲ್‌ನಿಂದ ಹೋಯಿತು. ಮುಂದೆ ಜಪಾನಿನಲ್ಲೇ ಒಂದು ಪರೀಕ್ಷಾ ಸಂಸ್ಥೆ ಬಂದ ಮೇಲೆ ಅದೇ ಕಂಪನಿಯ ಕಿಂಗ್ ಸೀಕೊ ವಾಚುಗಳ ಮೇಲೆ ಮತ್ತೆ ಕಾಣಿಸಿಕೊಂಡಿತು. ಸಿಟಿಜನ್ ಕೂಡ 1962ರಲ್ಲಿ ತನ್ನ ಕ್ರೋನೋಮೀಟರ್ ತಂದಿತು. ನಮ್ಮ ಬೆಂಗಳೂರಿನ ಎಚ್ಎಂಟಿಗೆ ವಾಚು ಮಾಡೋದು ಕಲಿಸಿದ್ದೂ ಇದೇ ಸಿಟಿಜನ್, ಅದೂ ಹೆಚ್ಚುಕಮ್ಮಿ ಅದೇ ಹೊತ್ತಿನಲ್ಲಿ.

ಆದರೆ ಆ ಪರೀಕ್ಷೆಯ ಸರ್ಟಿಫಿಕೇಟು ಅವತ್ತಿನ ಎಣ್ಣೆಗೆ ಕೊಟ್ಟದ್ದು, ಅಲ್ವಾ? ಆ ಎಣ್ಣೆ ಎಂದೋ ಒಣಗಿದೆ. ಪೂರ್ತಿ ಕೀ ಕೊಟ್ಟು ಟೈಮ್‌ಗ್ರಾಫರ್ (ಟಿಕ್ ಸದ್ದು ಕೇಳಿ ವಾಚಿನ ಓಟ ಅಳೆಯುವ ಯಂತ್ರ) ಮೇಲಿಡಿ. ದಿನಕ್ಕೆ ಎಷ್ಟು ಸೆಕೆಂಡ್ ಹೆಚ್ಚುಕಮ್ಮಿ ಅನ್ನೋದನ್ನು ಆಮೇಲೆ ನೋಡಿ, ಮೊದಲು ಆಂಪ್ಲಿಟ್ಯೂಡ್ ನೋಡಿ, ಅಂದರೆ ಬ್ಯಾಲೆನ್ಸ್ ಗಾಲಿ ಎಷ್ಟು ದೂರ ತೂಗುತ್ತದೆ ಅನ್ನೋದು. ಅದು 200 ಡಿಗ್ರಿಗಿಂತ ಕೆಳಗಿದ್ದರೆ ಮೆಷಿನ್ ಬಿಚ್ಚಲೇಬೇಕು. ಸುಮ್ನೆ ವೇಗ ಹೆಚ್ಚುಕಮ್ಮಿ ಮಾಡುವ ರೆಗ್ಯುಲೇಟರ್ ಕಡ್ಡಿ ತಿರುಗಿಸಿ "ಟೈಮ್ ಸರಿ ಮಾಡಿದೆ" ಅನ್ನುವವರ ಕೈಗೆ ಕೊಡಬೇಡಿ.

ಬಿಚ್ಚಿದಾಗ ಕೈ ನಡುಗಿಸುವುದು ಡಯಾಫಿಕ್ಸ್. ಎಸ್ಕೇಪ್ ವ್ಹೀಲ್ (ಟಿಕ್ ಟಿಕ್ ಅಂತ ಹೆಜ್ಜೆ ಹಾಕುವ ಹಲ್ಲಿನ ಗಾಲಿ) ಕಡೆಯ ಕ್ಯಾಪ್ ಜ್ಯುವೆಲ್, ಅಂದರೆ ಮೇಲೆ ಮುಚ್ಚುವ ಕಲ್ಲು, ಹಿಡಿದಿಡುವ ಸ್ಪ್ರಿಂಗ್ ಅದು. ಸಾಸಿವೆಯೇ ಅದರ ಮುಂದೆ ದಪ್ಪ. ಟ್ವೀಜರ್ ಜಾರಿತೋ, ಟಣ್ ಅಂತ ಹಾರಿತು, ಮತ್ತೆ ಸಿಗುವುದಿಲ್ಲ. ಅದಕ್ಕೇ ಹಲವರು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟು ಬಿಚ್ಚುತ್ತಾರೆ. ಬೇಸರವೆಂದು ಅದನ್ನು ತೆಗೆಯದೆ ತೊಳೆದರೆ ಕಲ್ಲಿನಡಿ ಹಳೇ ಎಣ್ಣೆಯ ಗಸಿ ಹಾಗೇ ಉಳಿಯುತ್ತದೆ. ಅಂಥ ಸರ್ವೀಸು ಮಾಡಿಸದಿದ್ದರೂ ಒಂದೇ.

ಎಣ್ಣೆಯೂ ಒಂದೇ ಅಲ್ಲ. ವೇಗವಾಗಿ ಓಡುವ ಕಡೆ ತೆಳು, ಕೀ ಸ್ಪ್ರಿಂಗ್ ಇರುವ ಬ್ಯಾರೆಲ್ ಕಡೆ ಮಂದ, ಎಸ್ಕೇಪ್ ವ್ಹೀಲ್ ತಡೆದು ಬಿಡುವ ಪ್ಯಾಲೆಟ್ ಕಲ್ಲಿಗೆ ಜರುಗದೆ ನಿಲ್ಲುವಂಥದ್ದು. 1968ರಿಂದ ಬಂದ ಹೈಬೀಟ್ (ವೇಗದ ಬೀಟಿನ) ಗ್ರಾಂಡ್ ಸೀಕೊಗಳಲ್ಲಿ ಕೆಲವು ಸೆಕೆಂಡಿಗೆ 10 ಬೀಟ್ ಹೊಡೆಯುತ್ತವೆ. ಅಲ್ಲಿ ಎಣ್ಣೆ ಬೇಗ ಚದುರುತ್ತದೆ, ಸವೆತವೂ ಜಾಸ್ತಿ.

ಇನ್ನು ಕೊಳ್ಳುವ ಮಾತು. ಪಾಲಿಶ್ ಮಾಡಿದ ಕೇಸ್ ಬೇಡ. ಅಂಚು ಚೂಪಾಗಿರುವುದೇ ಈ ವಾಚುಗಳ ಚೆಲುವು, ಒಮ್ಮೆ ಉಜ್ಜಿ ದುಂಡಗಾದರೆ ಹೋಯಿತು. ಹೊಸ ಪೇಂಟಿನ ಡಯಲ್ ಕಂಡರಂತೂ ದೂರ ಇರಿ. ನಮ್ಮ ದೇಶದಿಂದ ಹೋಗುವ ಅಂಥ ಸೀಕೊಗಳಿಗೆ ಹೊರಗಿನವರು "ಮುಂಬೈ ಸ್ಪೆಷಲ್" ಅಂತ ಅಡ್ಡಹೆಸರಿಟ್ಟಿದ್ದಾರೆ. ನಾಚಿಕೆ ಪಡಬೇಕಾದ ಮಾತೇ.

56 ಸರಣಿಯ ಕಿಂಗ್ ಸೀಕೊ ಕೊಳ್ಳುವವರು ತಾರೀಖು ಬದಲಾಗುವ ವಿಡಿಯೋ ಕೇಳಿ. ಕ್ವಿಕ್‌ಸೆಟ್ಟಿನ (ತಾರೀಖು ಬೇಗ ಬದಲಿಸುವ ವ್ಯವಸ್ಥೆ) ಪ್ಲಾಸ್ಟಿಕ್ ಗಾಲಿ ಸೀಳುವುದು ಅದರ ಹಳೇ ರೋಗ. ಕಂಪನಿಯಿಂದ ಹೊಸ ಗಾಲಿ ಬರುತ್ತದೆ ಅಂತ ಕಾಯಬೇಡಿ. ಅದೇ ಮೆಷಿನ್ ನಂಬರಿನ ಕೆಟ್ಟ ವಾಚೊಂದು ಅಗ್ಗಕ್ಕೆ ಸಿಕ್ಕರೆ ಬಿಡಿಭಾಗಕ್ಕೆ ಅಂತ ಈಗಲೇ ತೆಗೆದಿಟ್ಟುಕೊಳ್ಳಿ.